ಹೆಸರು ಗೊತ್ತಿಲ್ಲದ ಆ ಮೇಡಂಗೆ

ಮೇಡಂ, ನಿಮಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಡಿಗ್ರಿ ಮುಗಿಯುತ್ತಾ ಬಂದಾಗ ಸಿಕ್ಕವರೆಲ್ಲ ಕೇಳುವುದು ಒಂದೇ, ಮುಂದೇನು? ಕೆಮಿಸ್ಟ್ರಿ ಓದಿದ ನನಗೆ ಎಂಎಸ್ಸಿ ಮಾಡೋದಾ, ಲ್ಯಾಬ್ ಕೆಲಸಕ್ಕೆ ಸೇರೋದಾ, ಪಾಠ ಮಾಡೋದಾ, ಒಂದೂ ತಿಳಿಯುತ್ತಿರಲಿಲ್ಲ. ನಿದ್ದೆ ಕೆಟ್ಟಿತ್ತು. 'ಇಷ್ಟವಾದದ್ದು ಮಾಡು' ಅಂತ ಸುಮ್ನೆ ಹೇಳುವವರು ಜಾಸ್ತಿ, ಆದರೆ ಏನಿಷ್ಟ ಅಂತಲೇ ಗೊತ್ತಿಲ್ಲದವರು ಏನು ಮಾಡಬೇಕು?

ಇಂಟರ್‌ವ್ಯೂಗೆ ಕಾಯುತ್ತಾ ಪಕ್ಕದಲ್ಲಿ ಕೂತಿದ್ದ ನೀವು ಉಪದೇಶ ಮಾಡಲಿಲ್ಲ. ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಅಂತ ಕೇಳಿದಿರಿ. ಪ್ರಯೋಗಕ್ಕಿಂತ ಅದರ ರಿಪೋರ್ಟ್ ಬರೆಯೋದು, ಜೂನಿಯರ್‌ಗಳಿಗೆ ಬಿಡಿಸಿ ಹೇಳೋದು ಖುಷಿ ಅಂದೆ. ಹಾಗಾದರೆ ಹುದ್ದೆಯ ಹೆಸರು ನೋಡಬೇಡಿ, ಆ ಕೆಲಸದಲ್ಲಿ ಬೆಳಗಿನಿಂದ ಸಂಜೆವರೆಗೆ ಏನು ಮಾಡ್ತಾರೆ ಅಂತ ನೋಡಿ ಅಂದಿರಿ. ಜಾಹೀರಾತಿನಲ್ಲಿ ಸಂಬಳಕ್ಕಿಂತ ಮೊದಲು ಜವಾಬ್ದಾರಿಗಳ ಪಟ್ಟಿ ಓದಬೇಕು, ಆಮೇಲೆ ಆ ಕೆಲಸದಲ್ಲಿ ಇರುವವರನ್ನು ಹುಡುಕಿ, ಕೆಲಸ ಕೊಡಿಸಿ ಅನ್ನದೆ, 'ನಿನ್ನೆ ಇಡೀ ದಿನ ಏನು ಮಾಡಿದಿರಿ, ಯಾವುದು ಬೇಜಾರು?' ಅಂತ ಕೇಳಬೇಕು, ಹೀಗೆ ಕೇಳಿದರೆ ಜನ ಮನಸ್ಸು ಬಿಚ್ಚಿ ಮಾತಾಡ್ತಾರೆ ಅಂತಲೂ ಹೇಳಿದಿರಿ. ನಿಜ ಮೇಡಂ, ಮಾತಾಡಿದರು! ಔಷಧ ತಯಾರಿಸುವ ಕಂಪನಿಗಳಲ್ಲಿ ಪ್ರಯೋಗದ ವರದಿಗಳನ್ನು ಬರೆಯುವುದೇ ಒಂದು ಪೂರ್ಣ ಕೆಲಸ ಅಂತ ನನಗೆ ಗೊತ್ತಾಗಿದ್ದು ಹಾಗೆ.

ಈಗ ಅಂಥದ್ದೇ ಕೆಲಸದಲ್ಲಿ ಟ್ರೈನಿಯಾಗಿ ಸೇರಿದ್ದೇನೆ. ಎಂಎಸ್ಸಿ ಬೇಕಾ ಅನ್ನೋದು ಇನ್ನೂ ತೀರ್ಮಾನವಾಗಿಲ್ಲ, ಆದರೆ ಆ ಹೆದರಿಕೆ ಹೋಗಿದೆ. ನಿಮ್ಮದೇ ಇಂಟರ್‌ವ್ಯೂ ಟೆನ್ಷನ್ ನಡುವೆ ಅಷ್ಟು ಹೊತ್ತು ಕೊಟ್ಟಿರಲ್ಲ, ತುಂಬಾ ಥ್ಯಾಂಕ್ಸ್. ನಿಮಗೂ ಬೇಕಾದ ಕೆಲಸ ಸಿಕ್ಕಿದೆ ಅಂದುಕೊಂಡಿದ್ದೇನೆ.