ಗವಾಯಿ ಮಾಸ್ತರರ ಹುದ್ದೆಗೆ ಇನ್ನೊಬ್ಬ ಮಾಸ್ತರರು ಬರಲಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಅನುದಾನಿತ ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಸಂಗೀತ ಕಲಿಸಿದ, ನಿವೃತ್ತರಾದ ಮೇಲೂ ಮನೆಯ ಪಡಸಾಲೆಯಲ್ಲಿ ಪಾಠ ನಿಲ್ಲಿಸದ ನಮ್ಮ ಗವಾಯಿ ಮಾಸ್ತರರು ಕಳೆದ ವಾರ ಲಿಂಗೈಕ್ಯರಾದರು. ಪತ್ರಿಕೆಯ ನಿಧನ ವಾರ್ತೆಯಲ್ಲಿ ಅವರ ವಯಸ್ಸು, ಬಂಧುಬಳಗದ ವಿವರ, ಅಂತ್ಯಕ್ರಿಯೆ ನಡೆಯುವ ಸ್ಥಳ ಪ್ರಕಟವಾಗಿದ್ದವು. ಅಷ್ಟು ಸಾಲುಗಳಲ್ಲಿ ಹಿಡಿಸದ ಅವರ ಕೆಲಸವನ್ನು ಕುರಿತು ಬರೆಯಲು ಈ ಅಂಕಣದಲ್ಲಿ ಸ್ಥಳ ನೀಡಬೇಕೆಂದು ಕೋರುತ್ತೇನೆ.

ಹುಟ್ಟಿನಿಂದಲೇ ಕಣ್ಣು ಕಾಣದ ಅವರನ್ನು ತಂದೆತಾಯಿ ಬಾಲ್ಯದಲ್ಲಿಯೇ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ತಂದು ಬಿಟ್ಟಿದ್ದರು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿದ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಬೆಳೆಸಿದ ಆ ಆಶ್ರಮದಲ್ಲಿ ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನವೂ ಸಿಕ್ಕಿತು, ವಿದ್ಯೆಯೂ ಸಿಕ್ಕಿತು. ಬಸವರಾಜ ರಾಜಗುರು ಅವರಂಥ ಮಹಾಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರೆಂಬುದು ಸಂಗೀತ ಬಲ್ಲವರಿಗೆಲ್ಲ ಗೊತ್ತಿರುವ ಮಾತು. ಆದರೆ ಅದೇ ಆಶ್ರಮದಿಂದ ಹೊರಬಂದು, ಉತ್ತರ ಕರ್ನಾಟಕದ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಮಠಗಳ ಪುರಾಣ ಪ್ರವಚನಗಳಿಗೆ ಪೇಟಿ (ಹಾರ್ಮೋನಿಯಂ), ತಬಲಾ ಸಾಥಿಗಳಾಗಿ ಬದುಕು ಸವೆಸಿದವರ ಹೆಸರುಗಳು ಯಾವ ಪ್ರಶಸ್ತಿಪಟ್ಟಿಯಲ್ಲೂ ಕಾಣಸಿಗುವುದಿಲ್ಲ. ಧಾರವಾಡ ಸೀಮೆಯಲ್ಲಿ ಹಿಂದೂಸ್ಥಾನಿ ಸಂಗೀತಕ್ಕೆ ಕೇಳುಗರು ಏಕೆ ಇಷ್ಟೊಂದು ಎಂದು ಹೊರಗಿನವರು ಅಚ್ಚರಿಪಡುವಾಗ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಹೆಸರುಗಳ ಜೊತೆಗೆ ಈ ಮಾಸ್ತರರನ್ನೂ ನೆನೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ದೊಡ್ಡ ಗಾಯಕರು ಹಾಡಿದ್ದನ್ನು ಕೇಳಬಲ್ಲ ಕಿವಿಗಳನ್ನು ಊರೂರಿನಲ್ಲಿ ತಯಾರು ಮಾಡಿದವರು ಇವರು.

ಪ್ರೌಢಶಾಲೆಯ ಸಂಗೀತ ಶಿಕ್ಷಕರ ಕೆಲಸದಲ್ಲಿ ಬೇರೆಯವರಿಗೆ ತಿಳಿಯದ ಒಂದು ಕಷ್ಟವಿದೆ. ಎಂಟನೆಯ ತರಗತಿಗೆ ಬರುವಾಗ ಇಂಪಾಗಿ ಹಾಡುತ್ತಿದ್ದ ಹುಡುಗನ ಧ್ವನಿ ಒಂಬತ್ತನೆಯ ತರಗತಿಯ ಹೊತ್ತಿಗೆ ಒಡೆಯುತ್ತದೆ. ತಾರಕ್ಕೆ ಏರಲಾಗದೆ, ಮಂದ್ರಕ್ಕೆ ಇಳಿಯಲಾಗದೆ ಅವನು ನಡುವೆ ಸಿಕ್ಕಿಕೊಳ್ಳುತ್ತಾನೆ, ಗೆಳೆಯರು ನಗುತ್ತಾರೆ, ಅಲ್ಲಿಗೆ ಬಹುಪಾಲು ಹುಡುಗರ ಸಂಗೀತ ಮುಗಿಯುತ್ತದೆ. ನಮ್ಮ ಮಾಸ್ತರರು ಇದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಹುಡುಗಿಯರಿಗೆ ಪೇಟಿಯ ನಾಲ್ಕನೆಯ ಕಪ್ಪು ಮನೆಯನ್ನು ಷಡ್ಜವಾಗಿ, ಅಂದರೆ ಆಧಾರ ಸ್ವರ ‘ಸ’ ಆಗಿ, ಹಿಡಿದು ಪಾಠ ಹೇಳಿದ ಮೇಲೆ, ಧ್ವನಿ ಒಡೆದ ಹುಡುಗರನ್ನು ಬೇರೆಯಾಗಿ ಕೂರಿಸಿಕೊಂಡು, ಶ್ರುತಿಯನ್ನು ತೀರ ಕೆಳಗಿಳಿಸಿ, ಭೂಪ ರಾಗದ ಐದೇ ಸ್ವರಗಳನ್ನು ಬಾಯಿ ಮುಚ್ಚಿ ಗುನುಗಲು ಹೇಳುತ್ತಿದ್ದರು. ಗಂಟಲಿಗೆ ಬಲಾತ್ಕಾರ ಮಾಡಬಾರದು ಎಂಬುದು ಅವರ ಕಟ್ಟಪ್ಪಣೆ. ಅಷ್ಟೂ ಸಾಧ್ಯವಾಗದವರಿಗೆ ತೀನತಾಲವೆಂಬ ತಾಳದ ಹದಿನಾರು ಮಾತ್ರೆಗಳನ್ನು, ಅಂದರೆ ಎಣಿಕೆಗಳನ್ನು, ಕೈಯಲ್ಲಿ ಹಾಕುವ ಕೆಲಸ ಬೀಳುತ್ತಿತ್ತು. ಒಂಬತ್ತನೆಯ ಮಾತ್ರೆಯಲ್ಲಿ ಚಪ್ಪಾಳೆ ತಟ್ಟದೆ ಕೈ ಬೀಸಿಬಿಡಬೇಕು. ಯಾರಾದರೂ ಅಲ್ಲಿ ತಟ್ಟಿದರೆ, ಐವತ್ತು ಮಕ್ಕಳ ಸದ್ದಿನ ನಡುವೆಯೂ ಅದು ಯಾವ ಬೆಂಚಿನಿಂದ ಬಂತೆಂದು ಅವರಿಗೆ ತಿಳಿಯುತ್ತಿತ್ತು. ತಿಳಿದರೂ ಬೈಯುತ್ತಿರಲಿಲ್ಲ, ಆ ಹುಡುಗನ ಹೆಸರು ಹಿಡಿದು ಕರೆದು, ಅವನ ಅಂಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಮತ್ತೊಮ್ಮೆ ಒಂದರಿಂದ ಎಣಿಸುತ್ತಿದ್ದರು. “ಹಾಡಾಕ ಬರದಿದ್ರ ಇರಲಿ ತಮ್ಮಾ, ಕೇಳಾಕರ ಬರಬೇಕು” ಎಂಬ ಅವರ ಮಾತನ್ನು ನಮ್ಮ ಶಾಲೆಯಲ್ಲಿ ಓದಿದವರು ಇಂದಿಗೂ ಅವರದೇ ಧಾಟಿಯಲ್ಲಿ ಹೇಳುತ್ತಾರೆ. ಹಾಗೆ ತಾಳ ಹಾಕುತ್ತಲೇ ಕೇಳಲು ಕಲಿತವರಲ್ಲಿ ನಾನೂ ಒಬ್ಬ.

ಅವರ ಶಿಷ್ಯರು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳಲ್ಲಿ ಉತ್ತೀರ್ಣರಾದರು, ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಜನಪದ ಗೀತೆ ಹಾಡಿ ಬಹುಮಾನ ತಂದರು. ಅದೆಲ್ಲ ಶಾಲೆಯ ದಾಖಲೆಗಳಲ್ಲಿದೆ. ದಾಖಲೆಯಲ್ಲಿ ಇಲ್ಲದಿರುವುದು ನಮ್ಮೂರಿನ ಜಾತ್ರೆಯ ರಾತ್ರಿ ಕಾಣುತ್ತದೆ: ಮಠದ ಅಂಗಳದಲ್ಲಿ ವಚನ ಗಾಯನ ನಡೆಯುವಾಗ, ಕಿರಾಣಿ ಅಂಗಡಿಯವರು, ಗಾಡಿ ರಿಪೇರಿ ಮಾಡುವವರು, ಹೊಲದಿಂದ ಬಂದು ಕೈಕಾಲು ತೊಳೆದು ಕೂತವರು, ಗಾಯಕರು ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬರುವ ಕ್ಷಣಕ್ಕೆ ಸರಿಯಾಗಿ ಒಟ್ಟಿಗೆ ತಲೆದೂಗುತ್ತಾರೆ. ಹೊರಗಿನಿಂದ ಬಂದ ಕಲಾವಿದರೊಬ್ಬರು ಇದನ್ನು ಕಂಡು, ಇಲ್ಲಿ ಯಾರು ಕಲಿಸುತ್ತಾರೆ ಎಂದು ವೇದಿಕೆಯಿಂದಲೇ ಕೇಳಿದ್ದರು. ಮುಂದಿನ ಸಾಲಿನಲ್ಲಿಯೇ ಕೂತಿದ್ದ ಮಾಸ್ತರರು ಏಳಲಿಲ್ಲ. ಊರವರೇ ಅವರ ಕೈಹಿಡಿದು ಎಬ್ಬಿಸಿ ನಿಲ್ಲಿಸಿದರು.

ಅವರು ನಿವೃತ್ತರಾದ ಮೇಲೆ ಆ ಹುದ್ದೆ ಭರ್ತಿಯಾಗಿಲ್ಲ. ವೇಳಾಪಟ್ಟಿಯಲ್ಲಿದ್ದ ಸಂಗೀತದ ಅವಧಿಗಳಲ್ಲಿ ಈಗ ಬೇರೆ ವಿಷಯಗಳ ಪಾಠ ನಡೆಯುತ್ತದೆ. ಪೇಟಿ ಕಪಾಟಿನಲ್ಲಿದೆ, ಅದರ ತಿದಿ ಹರಿದಿದೆ. ಹತ್ತನೆಯ ತರಗತಿಯ ಫಲಿತಾಂಶದ ಒತ್ತಡ ಎಷ್ಟಿದೆಯೆಂಬುದನ್ನು ನಾನು ಬಲ್ಲೆ, ಆದ್ದರಿಂದ ಅಲ್ಲಿನ ಶಿಕ್ಷಕರನ್ನು ದೂರುವುದಿಲ್ಲ. ಆದರೆ ಸರ್ಕಾರದ ಗಮನಕ್ಕೆ ಒಂದು ಮಾತನ್ನು ತರಲೇಬೇಕು. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಎರಡೂವರೆ ನಿಮಿಷದೊಳಗೆ ಹಾಡಬೇಕೆಂದು 2022ರಲ್ಲಿ ಆದೇಶವಾಯಿತು. ಧಾಟಿಯ ಬಗ್ಗೆ ದೀರ್ಘಕಾಲ ನಡೆದ ವಾದವಿವಾದದಲ್ಲಿ ಸರ್ಕಾರ ಒಂದು ತೀರ್ಮಾನಕ್ಕೆ ಬಂದದ್ದು ಸಂತೋಷವೇ. ಧಾಟಿಯನ್ನು ಇಷ್ಟು ಕಾಳಜಿಯಿಂದ ಗೊತ್ತುಮಾಡಿದ ಮೇಲೆ, ಅದನ್ನು ಶ್ರುತಿ ಹಿಡಿದು ಕಲಿಸುವ ಒಬ್ಬ ಶಿಕ್ಷಕರಾದರೂ ಶಾಲೆಯಲ್ಲಿ ಇರಬೇಡವೇ? ನಮ್ಮ ಶಾಲೆಯಲ್ಲಿ ಇಂದು ಮಕ್ಕಳು ಮೊಬೈಲಿನಲ್ಲಿ ಹಾಕಿದ ಧ್ವನಿಮುದ್ರಣದ ಹಿಂದೆ ಹಾಡುತ್ತಾರೆ. ಆ ಶ್ರುತಿ ಧ್ವನಿ ಒಡೆದ ಹುಡುಗರಿಗೆ ನಿಲುಕುವುದಿಲ್ಲ, ಅವರು ಸುಮ್ಮನೆ ತುಟಿ ಆಡಿಸುತ್ತಾರೆ.

ಮಾಸ್ತರರ ಹೆಸರಿನಲ್ಲಿ ಸ್ವಾಗತ ಕಮಾನು ಕಟ್ಟಿಸುವ, ಭಾವಚಿತ್ರ ಅನಾವರಣಗೊಳಿಸುವ ಮಾತುಗಳು ಊರಿನಲ್ಲಿ ನಡೆದಿವೆ. ಆ ಅಭಿಮಾನಕ್ಕೆ ನಮಸ್ಕಾರ. ಆದರೆ ಅವರಿಗೆ ಒಪ್ಪುವ ಸ್ಮಾರಕವೆಂದರೆ ಆ ಹುದ್ದೆಯಲ್ಲಿ ಇನ್ನೊಬ್ಬ ಸಂಗೀತ ಶಿಕ್ಷಕರು, ಸಾಧ್ಯವಾದರೆ ಪುಣ್ಯಾಶ್ರಮದಲ್ಲಿಯೇ ಕಲಿತ ಅಂಧ ಕಲಾವಿದರೊಬ್ಬರು, ಬಂದು ಕೂರುವುದು. ಅನುದಾನಿತ ಶಾಲೆಗಳಲ್ಲಿ ಹೀಗೆ ತೆರವಾಗಿರುವ ಸಂಗೀತ ಶಿಕ್ಷಕರ ಹುದ್ದೆಗಳ ಭರ್ತಿಗೆ ಅನುಮತಿ ನೀಡಬೇಕೆಂದು ಶಿಕ್ಷಣ ಸಚಿವರಲ್ಲಿ ಈ ಮೂಲಕ ವಿನಂತಿಸುತ್ತೇನೆ. ಅನುಮತಿ ದೊರೆಯುವವರೆಗೆ ಗೌರವ ಶಿಕ್ಷಕರೊಬ್ಬರ ಸಂಭಾವನೆಯನ್ನು ಭರಿಸಲು, ಪೇಟಿಯ ದುರಸ್ತಿ ಮಾಡಿಸಿಕೊಡಲು ಹಳೆಯ ವಿದ್ಯಾರ್ಥಿಗಳಾದ ನಾವು ಸಿದ್ಧರಿದ್ದೇವೆ. ವಾರಕ್ಕೆ ಎರಡು ಅವಧಿಗಳನ್ನು ಸಂಗೀತಕ್ಕೆ ಬಿಟ್ಟುಕೊಡಬೇಕೆಂದು ಶಾಲೆಯ ಆಡಳಿತ ಮಂಡಳಿಗೂ ಮನವಿ ಸಲ್ಲಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿ,
ಗದಗ ಜಿಲ್ಲೆ