ಕರ್ವ್ಸ್ ಟೂಲ್‌ನ ವಿವರಣೆ ಬರೆಯುವವರ ಗಮನಕ್ಕೆ

ಹುಬ್ಬಳ್ಳಿ-ಧಾರವಾಡದ ಡಿಸೈನರ್ ಮಿತ್ರರಲ್ಲಿ ವಿನಂತಿ.

ಟೂಲ್‌ಗಳನ್ನು ಬಳಸಿ ತಾವೇ ಕೆಲಸ ಮಾಡುವ ಎಐ ಏಜೆಂಟ್‌ಗಳ ಬಳಕೆಗೆಂದು ನಾವು ಸಿದ್ಧಪಡಿಸುತ್ತಿರುವ, ಅಕ್ಷರಗಳನ್ನು ರೇಖಾಕೃತಿಗಳಾಗಿ ಬದಲಿಸುವ ಕರ್ವ್ಸ್ ಟೂಲ್‌ನ ವಿವರಣೆಯಲ್ಲಿ ‘ಪಠ್ಯವನ್ನು ಪರಿವರ್ತಿಸುತ್ತದೆ’ ಎಂದಷ್ಟೇ ಬರೆದರೆ ಸಾಲದು. ಲಗ್ನಪತ್ರಿಕೆಯನ್ನು ಪ್ರೆಸ್ಸಿಗೆ ಕಳಿಸುವ ಮುನ್ನ ಕರ್ವ್ಸ್ ಮಾಡಿದ ಮೇಲೆ ಅಕ್ಷರಗಳು ಬರಿಯ ಆಕಾರಗಳಾಗಿ ಉಳಿಯುತ್ತವೆ, ಒಂದು ಒತ್ತಕ್ಷರ ತಪ್ಪಿದ್ದರೂ ಟೈಪ್ ಮಾಡಿ ತಿದ್ದಲು ಬರುವುದಿಲ್ಲ ಎಂಬುದನ್ನು ನಾವು ಅನುಭವದಿಂದ ಬಲ್ಲೆವು. ಏಜೆಂಟ್ ಮಾತ್ರ ನಮ್ಮ ವಿವರಣೆಯನ್ನೇ ನಂಬಿ ಮುಂದುವರಿಯುತ್ತದೆ. ಆದ್ದರಿಂದ ಏನು ಅಳಿಯುತ್ತದೆ ಎಂಬುದನ್ನೂ, ಮೂಲ ಫೈಲಿನ ಪ್ರತಿ ತೆಗೆದಿಟ್ಟು ಬಳಕೆದಾರರ ಒಪ್ಪಿಗೆ ಪಡೆಯಬೇಕೆಂಬುದನ್ನೂ ಮೊದಲ ಸಾಲಿನಲ್ಲೇ ಬರೆಯಿರಿ. ಎಐಯನ್ನು ಟೂಲ್‌ಗಳಿಗೆ ಜೋಡಿಸಲೆಂದು 2024ರಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಈಗಿರುವ ‘ಡಿಸ್ಟ್ರಕ್ಟಿವ್‌ಹಿಂಟ್’ (ಈ ಟೂಲ್ ಇದ್ದುದನ್ನು ಅಳಿಸಬಹುದು ಎಂಬ) ಗುರುತನ್ನೂ ತಪ್ಪದೆ ಹಾಕಿರಿ, ಆದರೆ ಅದು ಬರಿಯ ಸುಳಿವು. ಕೆಲಸವನ್ನು ತಾನಾಗಿ ತಡೆಯುವುದಿಲ್ಲ. ಕರಡನ್ನು ಇದೇ ಗುಂಪಿನಲ್ಲಿ ಹಾಕಿರಿ.