ಪಾವಗಡ ಪಕ್ಕದಲ್ಲೇ ಇದೆ, ಎಂಟೆಕ್‌ನಲ್ಲಿ ಓದುವುದು ಅಮೆರಿಕದ 1962ರ ಗ್ರಿಡ್

ಮಾನ್ಯ ಸಂಪಾದಕರೇ,

ನಾನು ಎಲೆಕ್ಟ್ರಿಕಲ್ ವಿಭಾಗದಲ್ಲಿ ಎಂಟೆಕ್ ಮಾಡುತ್ತಿರುವ ವಿದ್ಯಾರ್ಥಿನಿ. ಪವರ್ ಸಿಸ್ಟಮ್ಸ್ ನನ್ನ ವಿಷಯ, ಈಗ ಪ್ರಾಜೆಕ್ಟ್ ನಡೆಯುತ್ತಿದೆ. ಎಂಟೆಕ್ ಸೀಟುಗಳು ಖಾಲಿ ಉಳಿಯುತ್ತಿವೆ ಅಂತ ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ. ಕಾರಣ ಕೇಳಿದರೆ ಎಲ್ಲರೂ ಕೆಲಸ, ಸಂಬಳ, ಸಾಫ್ಟ್‌ವೇರ್ ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಒಳಗೆ ಕೂತು ಓದುವವರಿಗೆ ಕಾಣುವ ಇನ್ನೊಂದು ಕಾರಣ ಇದೆ. ನಾವು ಎರಡು ವರ್ಷ ಕಲಿಯುವುದಕ್ಕೂ ನಮ್ಮ ರಾಜ್ಯದ ತಂತಿಗಳಲ್ಲಿ ಹರಿಯುವ ಕರೆಂಟಿಗೂ ನಂಟೇ ಇಲ್ಲ.

ಬಿಡಿಸಿ ಹೇಳುತ್ತೇನೆ. ಪವರ್ ಸಿಸ್ಟಮ್ಸ್ ಓದುವ ಯಾರೇ ಆಗಲಿ ಮೊದಲು ಕಲಿಯುವುದು ಲೋಡ್ ಫ್ಲೋ. ಅಂದರೆ ಎಲ್ಲಿ ಎಷ್ಟು ವಿದ್ಯುತ್ ತಯಾರಾಗುತ್ತದೆ, ಎಲ್ಲಿ ಎಷ್ಟು ಖರ್ಚಾಗುತ್ತದೆ ಅಂತ ಕೊಟ್ಟರೆ, ಯಾವ ಲೈನಿನಲ್ಲಿ ಎಷ್ಟು ಹರಿಯುತ್ತದೆ, ಯಾವ ಸಬ್‌ಸ್ಟೇಷನ್ನಿನಲ್ಲಿ ವೋಲ್ಟೇಜ್ ಎಷ್ಟಿರುತ್ತದೆ ಅಂತ ಲೆಕ್ಕ ಹಾಕುವುದು. ಅದಕ್ಕೆ ಒಂದು ಗ್ರಿಡ್ ಬೇಕಲ್ವಾ? ನಮಗೆ ಸಿಗುವುದು ಐ-ಟ್ರಿಪಲ್-ಇ (ಎಲೆಕ್ಟ್ರಿಕಲ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ) ಹೆಸರಿನ 14 ಬಸ್ ಸಿಸ್ಟಮ್. ಬಸ್ ಅಂದರೆ ಲೈನುಗಳು ಬಂದು ಸೇರುವ ಜಾಗ. ಇದು ಅಮೆರಿಕದ ಮಧ್ಯ-ಪಶ್ಚಿಮ ಭಾಗದಲ್ಲಿ 1962ರ ಫೆಬ್ರುವರಿಯಲ್ಲಿ ಇದ್ದ ಒಂದು ಕಂಪನಿಯ ಜಾಲದ ತುಣುಕು. 30 ಬಸ್ ಸಿಸ್ಟಮ್ ಕೂಡ ಅದೇ ಕಂಪನಿಯದ್ದು, 1961ರ ಡಿಸೆಂಬರಿನದು. ಇನ್ನೂ ದೊಡ್ಡದು ಬೇಕೆಂದರೆ 39 ಬಸ್, ಅದು ನ್ಯೂ ಇಂಗ್ಲೆಂಡಿನದು. ಅವುಗಳಲ್ಲಿ ಸೋಲಾರ್ ಇಲ್ಲ, ಗಾಳಿಯಂತ್ರ ಇಲ್ಲ, ಬೋರ್‌ವೆಲ್ ಪಂಪ್‌ಸೆಟ್ ಅಂತೂ ಇಲ್ಲವೇ ಇಲ್ಲ. ನಾವು ಮ್ಯಾಟ್‌ಲ್ಯಾಬ್ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಅದರ ಒಂದು ಬಸ್ಸಿಗೆ ಒಂದು ಸೋಲಾರ್ ಪ್ಲಾಂಟ್ ಅಂಟಿಸಿ, ಹೊಸ ಅಲ್ಗಾರಿದಮ್ ಹಾಕಿ, ಲೈನುಗಳಲ್ಲಿ ವಿದ್ಯುತ್ ನಷ್ಟ ಇಷ್ಟು ಕಡಿಮೆಯಾಯಿತು ಅಂತ ಪ್ರಬಂಧ ಬರೆಯುತ್ತೇವೆ. ಮುಂದಿನ ವರ್ಷದವರು ಅಲ್ಗಾರಿದಮ್ ಬದಲಾಯಿಸುತ್ತಾರೆ. ಗ್ರಿಡ್ ಮಾತ್ರ ಅದೇ.

ಆ ಸಿಸ್ಟಮ್‌ಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಇಡೀ ಜಗತ್ತು ಅವನ್ನು ಬಳಸುವುದರಿಂದ ನನ್ನ ಉತ್ತರವನ್ನು ಇನ್ನೊಬ್ಬರ ಉತ್ತರದ ಪಕ್ಕ ಇಟ್ಟು ನೋಡಬಹುದು, ತಪ್ಪಿದ್ದರೆ ಗೊತ್ತಾಗುತ್ತದೆ. ಕಲಿಯಲು ಅವು ಒಳ್ಳೆಯವು. ಆದರೆ ಕಲಿಕೆ ಅಲ್ಲಿಗೇ ನಿಂತುಬಿಟ್ಟರೆ ಹೇಗೆ?

ನಮ್ಮ ಸುತ್ತ ಏನಿದೆ ನೋಡಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಶರಾವತಿಯಲ್ಲಿ 1,035 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರ, ರಾಯಚೂರಿನಲ್ಲಿ 1,720 ಮೆಗಾವ್ಯಾಟ್ ಕಲ್ಲಿದ್ದಲು ಕೇಂದ್ರ, ಕೈಗಾದಲ್ಲಿ 880 ಮೆಗಾವ್ಯಾಟ್ ಅಣುಶಕ್ತಿ. ಚಿತ್ರದುರ್ಗ, ಗದಗ ಕಡೆ ಗಾಳಿಯಂತ್ರಗಳು. ಇವೆಲ್ಲ ಬೇರೆ ಬೇರೆ ಸ್ವಭಾವದವು. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಸೋಲಾರ್ ಬೀಳುತ್ತದೆ. ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ ಎಲ್ಲ ಶುರುವಾಗುತ್ತವೆ. ಆ ಒಂದೆರಡು ಗಂಟೆಯಲ್ಲಿ ಶರಾವತಿಯಂಥ ಜಲವಿದ್ಯುತ್ ಕೇಂದ್ರಗಳ ಟರ್ಬೈನುಗಳು ಎದ್ದು ನಿಲ್ಲಬೇಕು, ಯಾಕೆಂದರೆ ಕಲ್ಲಿದ್ದಲು ಘಟಕಕ್ಕೆ ಅಷ್ಟು ಬೇಗ ಏರಿಳಿಯಲು ಆಗುವುದಿಲ್ಲ, ಕೈಗಾ ಹಗಲು ರಾತ್ರಿ ಹೆಚ್ಚುಕಮ್ಮಿ ಒಂದೇ ಸಮನೆ ಓಡುವಂಥದ್ದು. ಇಷ್ಟರ ನಡುವೆಯೂ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ತೂಗುತ್ತದೆ ಅನ್ನುವ ಲೆಕ್ಕ, 49.90ರಿಂದ 50.05 ಹರ್ಟ್ಸ್ ಒಳಗೆ ಇರಬೇಕು. ಸಿಸ್ಟಮ್ಸ್ ಎಂಜಿನಿಯರಿಂಗ್ ಅಂದರೆ ಇದೇ. ಇದಕ್ಕಿಂತ ಚೆನ್ನಾದ ಪಾಠ ಯಾವ ದೇಶದಲ್ಲಿ ಸಿಗುತ್ತದೆ?

ನಮ್ಮದು ಬೋರ್‌ವೆಲ್ ನಂಬಿದ ಮನೆ. ತ್ರೀ ಫೇಸ್ ಯಾವಾಗ ಬರುತ್ತದೆ ಅನ್ನುವುದರ ಮೇಲೆ ಅಪ್ಪನ ದಿನ ನಿಂತಿದೆ. ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತು, ಸೋಲಾರ್ ಜಾಸ್ತಿ ಇರುವಾಗ ಕೊಟ್ಟರೆ ಗ್ರಿಡ್‌ಗೂ ಹಗುರ, ರಾತ್ರಿ ಹೊಲಕ್ಕೆ ಹೋಗುವ ಕಷ್ಟವೂ ತಪ್ಪುತ್ತದೆ. ಆದರೆ ಎಲ್ಲ ಫೀಡರ್‌ಗೂ (ಸಬ್‌ಸ್ಟೇಷನ್ನಿನಿಂದ ಊರು, ಹೊಲಗಳ ಕಡೆ ಹೋಗುವ ಲೈನು) ಒಂದೇ ಹೊತ್ತಿಗೆ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ತಡೆಯುತ್ತದಾ, ಕೊನೆಯ ಕಂಬದಲ್ಲಿ ವೋಲ್ಟೇಜ್ ಎಷ್ಟು ಉಳಿಯುತ್ತದೆ, ಗುಂಪು ಮಾಡಿ ಕೊಡುವುದಾದರೆ ಹೇಗೆ? ಇದನ್ನೇ ಪ್ರಾಜೆಕ್ಟ್ ಮಾಡಬೇಕು ಅಂತ ನನ್ನ ಆಸೆಯಿತ್ತು. ಒಂದು ಫೀಡರಿನ ಮಾಹಿತಿ ಕೊಡಿ ಅಂತ ಸಂಬಂಧಪಟ್ಟ ಕಚೇರಿಗೆ ಕಾಲೇಜಿನ ಪತ್ರ ತೆಗೆದುಕೊಂಡು ಹೋದೆ. ಒಬ್ಬರು ಇನ್ನೊಬ್ಬರ ಹತ್ತಿರ ಕಳಿಸಿದರು, ಅವರು ಮೇಲಿನವರ ಅನುಮತಿ ಬೇಕು ಅಂದರು, ಅಲ್ಲಿಗೆ ನಿಂತಿತು. ಅಲ್ಲಿನ ಎಂಜಿನಿಯರುಗಳನ್ನು ನಾನು ದೂರುವುದಿಲ್ಲ. ಕೊಡಬಹುದೋ ಇಲ್ಲವೋ ಅಂತ ಹೇಳುವ ನಿಯಮವೇ ಅವರ ಕೈಯಲ್ಲಿ ಇರಲಿಲ್ಲ. ಈಗ ನಾನು ಕೂಡ ಐ-ಟ್ರಿಪಲ್-ಇ 30 ಬಸ್ ಮೇಲೆಯೇ ಕೆಲಸ ಮಾಡುತ್ತಿದ್ದೇನೆ.

ಗ್ರಿಡ್ ಮಾಹಿತಿ ಹೊರಗೆ ಕೊಡುವುದು ಭದ್ರತೆಗೆ ಅಪಾಯ ಅನ್ನುವ ಮಾತು ಬರುತ್ತದೆ. ಒಪ್ಪುತ್ತೇನೆ. ಯಾವ ಸಬ್‌ಸ್ಟೇಷನ್ ಬಿದ್ದರೆ ಏನಾಗುತ್ತದೆ ಅನ್ನುವುದು ಎಲ್ಲರ ಕೈಗೂ ಸಿಗಬಾರದು. ಆದರೆ ಅದಕ್ಕೆ ದಾರಿ ಇದೆ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಟೆಕ್ಸಾಸ್ ಭೂಪಟದ ಮೇಲೆ 2,000 ಬಸ್‌ಗಳ ಒಂದು ಕಾಲ್ಪನಿಕ ಗ್ರಿಡ್ ಕಟ್ಟಿ ಎಲ್ಲರಿಗೂ ಬಿಟ್ಟಿದ್ದಾರೆ. ಅದರಲ್ಲಿನ ಲೈನುಗಳು ನಿಜದ ಲೈನುಗಳಲ್ಲ. ಆದರೆ ಜನ ಇರುವ ಕಡೆ ಲೋಡ್, ಅಂದರೆ ವಿದ್ಯುತ್ ಬೇಡಿಕೆ ಇದೆ, ಗ್ರಿಡ್ಡಿನ ನಡವಳಿಕೆ ನಿಜದ ಹಾಗೇ ಇದೆ. ಗುಟ್ಟು ಗುಟ್ಟಾಗಿಯೇ ಉಳಿಯಿತು, ವಿದ್ಯಾರ್ಥಿಗಳಿಗೆ ಕೆಲಸವೂ ಸಿಕ್ಕಿತು.

ಕರ್ನಾಟಕಕ್ಕೂ ಇಂಥದ್ದು ಬೇಕು ಅನ್ನುವುದೇ ಈ ಪತ್ರದ ಬೇಡಿಕೆ. ಮಾಡಬಲ್ಲವರು ಹೊರಗಿನಿಂದ ಬರಬೇಕಾಗಿಲ್ಲ. 1911ರಿಂದಲೇ ವಿದ್ಯುತ್ ವಿಷಯ ಕಲಿಸುತ್ತಿರುವ ಐಐಎಸ್‌ಸಿ ಬೆಂಗಳೂರಿನಲ್ಲಿದೆ. 1960ರಲ್ಲಿ ಶುರುವಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐ ಅಲ್ಲೇ ಇದೆ. ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಮತ್ತು ಗ್ರಿಡ್ಡನ್ನು ಕ್ಷಣ ಕ್ಷಣ ನಿಯಂತ್ರಿಸುವ ಅದರ ಲೋಡ್ ಡಿಸ್ಪ್ಯಾಚ್ ಸೆಂಟರ್ ಅಲ್ಲೇ ಇವೆ. ಇವರೆಲ್ಲ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಜೊತೆ ಕೂತರೆ ನೂರಿನ್ನೂರು ಬಸ್‌ಗಳ ಒಂದು ಕರ್ನಾಟಕ ಮಾದರಿ ಆಗದ ಕೆಲಸ ಅಲ್ಲ. ಅದರಲ್ಲಿ ಸೋಲಾರ್, ಗಾಳಿ, ಜಲವಿದ್ಯುತ್, ಪಂಪ್‌ಸೆಟ್ ಲೋಡ್ ನಮ್ಮ ಋತುಮಾನಕ್ಕೆ ತಕ್ಕಂತೆ ಇರಲಿ. ಮಳೆಗಾಲದ ಒಂದು ದಿನ, ಏಪ್ರಿಲ್ ಬಿಸಿಲಿನ ಒಂದು ದಿನ ಇದ್ದರೂ ಸಾಕು, ಶುರು ಮಾಡಬಹುದು.

ಇದು ಬರೀ ಓದಿನ ವಿಷಯ ಅಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮಗೆ ಏನೂ ಆಗಲಿಲ್ಲ, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಉಳಿದ ದೇಶದ ಜೊತೆ ಒಂದೇ ಫ್ರೀಕ್ವೆನ್ಸಿಯಲ್ಲಿ ಜೋಡಣೆಯಾಗಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಆ ಜೋಡಣೆ ಮಾಡಿತು. ಈಗ ಅಲ್ಲಿ ದೊಡ್ಡ ಏರುಪೇರಾದರೆ ಅದು ಇಲ್ಲಿಗೂ ತಟ್ಟುತ್ತದೆ. ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ) ಯೋಜನೆ ಬೇಕೋ ಬೇಡವೋ ಅಂತ ನಿಮ್ಮ ಪತ್ರಿಕೆಯ ಓದುಗರೂ ವಾದ ಮಾಡುತ್ತಿದ್ದಾರೆ. ಕಾಡಿನ ಪ್ರಶ್ನೆ ಬೇರೆ, ಅದು ದೊಡ್ಡದೇ. ಆದರೆ ಅಷ್ಟು ಸಂಗ್ರಹ ಗ್ರಿಡ್ಡಿಗೆ ಬೇಕಾ, ಬ್ಯಾಟರಿಯಿಂದ ಎಷ್ಟಾಗುತ್ತದೆ, ಪಂಪ್‌ಸೆಟ್‌ ಹೊತ್ತು ಬದಲಿಸಿದರೆ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕವನ್ನು ಸರ್ಕಾರದ ಹೊರಗೆ ಕೂತು ಮಾಡಿ ನೋಡಬಲ್ಲವರು ಎಂಟೆಕ್, ಪಿಎಚ್‌ಡಿ ವಿದ್ಯಾರ್ಥಿಗಳೇ. ಮಾದರಿ ಇಲ್ಲದೆ ಸುಮ್ನೆ ಊಹೆ ಮಾಡಲಾಗುವುದಿಲ್ಲ.

ಸ್ಟೈಪೆಂಡ್ ಬಗ್ಗೆಯೂ ಒಂದು ಮಾತು. ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾದವರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಅಂತ ದಶಕದ ಹಿಂದೆ ನಿಗದಿ ಮಾಡಿತು. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮೂಲಕ ಬರುವವರಿಗೆ ಅದು ಇಲ್ಲ. ಹಳ್ಳಿಯಿಂದ ಬರುವ ಹುಡುಗ ಹುಡುಗಿಯರಲ್ಲಿ ಹೀಗೆ ಸೇರುವವರೇ ಜಾಸ್ತಿ ಅಂತ ನಮ್ಮ ತರಗತಿ ನೋಡಿದರೆ ಅನ್ನಿಸುತ್ತದೆ. ಕರ್ನಾಟಕ ಮಾದರಿಯ ಮೇಲೆ ಪ್ರಾಜೆಕ್ಟ್ ಮಾಡುವವರಿಗೆ ಕೊನೆಯ ಎರಡು ಸೆಮಿಸ್ಟರ್ ಎಸ್ಕಾಂಗಳು (ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳು) ಒಂದಿಷ್ಟು ಹಣ ಕೊಟ್ಟು ತಮ್ಮಲ್ಲೇ ಕೆಲಸ ಮಾಡಿಸಿಕೊಂಡರೆ ಇಬ್ಬರಿಗೂ ಲಾಭ.

ಮಾದರಿ ತಯಾರಾಗಲು ಸಮಯ ಬೇಕು, ಗೊತ್ತು. ಅಲ್ಲಿಯವರೆಗೆ ಹೆಸರು, ಜಾಗ ತೆಗೆದುಹಾಕಿದ ನಾಲ್ಕೈದು ಫೀಡರ್‌ಗಳ ಮಾಹಿತಿಯನ್ನಾದರೂ ಕಾಲೇಜುಗಳಿಗೆ ಕೊಡುವ ಒಂದು ಆದೇಶವನ್ನು ಇಂಧನ ಇಲಾಖೆ ಹೊರಡಿಸಲಿ. ಮುಂದಿನ ಬ್ಯಾಚಿನವರು ಪ್ರಾಜೆಕ್ಟ್ ವಿಷಯ ಆರಿಸುವ ಮುಂಚೆ ಅದು ಬಂದರೆ, ಅವರಲ್ಲಿ ಕೆಲವರಾದರೂ ನಮ್ಮ ಊರುಗಳ ಲೈನುಗಳ ಮೇಲೆ ಕೆಲಸ ಶುರು ಮಾಡಬಹುದು.

ಇಂತಿ,
ಎಂಟೆಕ್ ವಿದ್ಯಾರ್ಥಿನಿ, ತುಮಕೂರು ಜಿಲ್ಲೆ